ಇಲ್ಲದ ಒಂದು ವರ್ಷ

ನನ್ನ ಭಾವ ತಕ್ಕಡಿ ರಿಪೇರಿ ಮಾಡುತ್ತಿದ್ದರು. ಬಹುವಚನ ಅಭ್ಯಾಸಬಲದಿಂದ ಬರುತ್ತಿದೆ, ಗೌರವದಿಂದಲ್ಲ. ಪೇಟೆಯ ಅಂಗಡಿಗಳ ತಕ್ಕಡಿಗಳೆಲ್ಲ ವರ್ಷಕ್ಕೊಮ್ಮೆ ಅವರ ಮೇಜಿಗೆ ಬರುತ್ತಿದ್ದವು. ಹಿತ್ತಾಳೆಯ ತೂಕಗಳನ್ನು ಬಟ್ಟೆಯಲ್ಲಿ ಹಿಡಿದು ಇಡುವರು. ಬರಿಗೈಯಲ್ಲಿ ಮುಟ್ಟಿದರೆ ಬೆವರಿನ ಭಾರ ಸೇರುತ್ತದಂತೆ. ತಟ್ಟೆ ಖಾಲಿಯಿದ್ದಾಗ ಮುಳ್ಳು ಸೊನ್ನೆಯ ಮೇಲೆ ನಿಲ್ಲಬೇಕು. ಕೂದಲೆಳೆಯಷ್ಟು ಆಚೀಚೆ ಆದರೂ ಊಟ ಬಿಟ್ಟು ಕೂರುವ ಜಾತಿ.

ಮನೆಗೆ ಬಂದರೆ ಲೋಕದ ಲೆಕ್ಕ. ಅಡುಗೆಮನೆಯ ಬಾಗಿಲಿನಿಂದ ಕಿಟಕಿಯವರೆಗೆ ಗೋಡೆಗೆ ಕಾಗದ ಅಂಟಿಸಿ ಒಂದೇ ಗೆರೆ ಎಳೆದಿದ್ದರು. ಬಾಗಿಲ ಕಡೆ ಕ್ರಿಸ್ತಪೂರ್ವದ ಒಬ್ಬ ಅರಸನ ಆಜ್ಞೆ. ನಡುವೆ ಬೈಬಲಿನ ದಾನಿಯೇಲನ ನಾಲ್ಕು ಮೃಗಗಳು, ಪ್ರಕಟನೆಯ ಏಳು ಮುದ್ರೆಗಳು. ಮೃಗಗಳ ಚಿತ್ರ ನನ್ನ ಅಕ್ಕ ಬರೆದದ್ದು, ನಾಲ್ಕೂ ನಾಯಿಮರಿಗಳ ಹಾಗಿದ್ದವು. ಪ್ರವಾದನೆಯ ಒಂದು ದಿನ ಎಂದರೆ ಒಂದು ವರ್ಷ, ಒಂದು ಕಾಲಕ್ಕೆ ಮುನ್ನೂರ ಅರವತ್ತು ದಿನ, ಏಳು ಕಾಲ ಎಂದರೆ ಎರಡು ಸಾವಿರದ ಐನೂರ ಇಪ್ಪತ್ತು ವರ್ಷ. ಗೆರೆ ಕಿಟಕಿಯ ಪಕ್ಕದ ಕೆಂಪು ಚುಕ್ಕಿಯಲ್ಲಿ ಮುಗಿಯುತ್ತಿತ್ತು: ಬರುವ ಅಕ್ಟೋಬರ್ ಹತ್ತು, ಸೂರ್ಯಾಸ್ತ. ಆಗ ಈ ಲೋಕ ಮುಗಿದು, ಸತ್ತವರು ಎದ್ದು, ಹೊಸ ಲೋಕ ಶುರು. ಆ ದಿನ ಯಾರಿಗೂ ತಿಳಿಯದೆಂದು ಪಾದ್ರಿಗಳೇ ಬಂದು ಬುದ್ಧಿ ಹೇಳಿದರು.

"ಎಣಿಸೋಕೆ ಸೋಮಾರಿತನ, ಅದಕ್ಕೆ ತಿಳಿಯಲ್ಲ ಅಂತಾರೆ," ಎಂದರು ಭಾವ, ಪಾದ್ರಿಗಳು ಮೆಟ್ಟಿಲು ಇಳಿಯುವ ಮೊದಲೇ.

ಆ ಜುಲೈನಲ್ಲಿ ಅಕ್ಕನ ಎದೆಯಲ್ಲಿ ಗಂಟು ಕಾಣಿಸಿತು, ಕಡಲೆಕಾಳಿನಷ್ಟು. ಈಗ ತೆಗೆದರೆ ಬದುಕುತ್ತಾರೆ, ಬಿಟ್ಟರೆ ನನ್ನ ಕೈಯಲ್ಲಿಲ್ಲ ಎಂದರು ಡಾಕ್ಟರು.

"ಹೊಸ ಲೋಕದಲ್ಲಿ ರೋಗವೇ ಇರಲ್ಲ. ಮೂರು ತಿಂಗಳಿಗೋಸ್ಕರ ಇವಳ ಮೈ ಕೊಯ್ಸಬೇಕಾ?" ಎಂದು ಭಾವ ಕಣ್ಣೀರು ಹಾಕಿದರು. ನಿಜವಾದ ಕಣ್ಣೀರು. ಅದಕ್ಕೇ ನನಗೆ ಮೈಯೆಲ್ಲ ಉರಿಯಿತು. ಕೂಗಾಡಿದೆ. ಕೊನೆಗೆ ಅಕ್ಕನೇ ರಾಜಿ ಮಾಡಿಸಿದಳು: "ಹತ್ತನೇ ತಾರೀಖು ಏನೂ ಆಗದಿದ್ರೆ ಹನ್ನೊಂದಕ್ಕೆ ಬೆಳಿಗ್ಗೆ ಆಸ್ಪತ್ರೆಗೆ. ನೀನೇ ಬಂದು ಕರ್ಕೊಂಡು ಹೋಗು." ಭಾವ ಒಪ್ಪಿದರು. ಅವರ ಪಾಲಿಗೆ ಹನ್ನೊಂದನೇ ತಾರೀಖು ಎಂಬುದೇ ಇರಲಿಲ್ಲ.

ಹತ್ತರಂದು ಸೂರ್ಯ ಮುಳುಗಿದ, ದಿನಾ ಮುಳುಗುವ ಹಾಗೆ.

ಮರುದಿನ ಬೆಳಿಗ್ಗೆ ಬಾಡಿಗೆ ಕಾರು ಮಾಡಿಕೊಂಡು ಹೋದೆ. ಭಾವ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ ಕಿಟಕಿಯ ಕೆಳಗೆ ನೆಲದ ಮೇಲೆ ಕೂತಿದ್ದರು. "ಕರ್ಕೊಂಡು ಹೋಗಪ್ಪ," ಎಂದರು, ತಲೆ ಎತ್ತದೆ. "ನಾನು ತಪ್ಪಿದೆ." ಅಕ್ಕ ಬ್ಯಾಗು ಹಿಡಿದು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು.

ಬುದ್ಧಿಯಿದ್ದವನು ಬಾಯಿ ಮುಚ್ಚಿಕೊಂಡು ಹೊರಡುತ್ತಿದ್ದ. ನಾನು ಹೈಸ್ಕೂಲಿನ ಗಣಿತದ ಮೇಷ್ಟರು. ಆರು ವರ್ಷ ಅವರ ಉಪದೇಶ ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು. ಬಿದ್ದವರಿಗೆ ಇನ್ನೊಂದು ಒದೆ ಕೊಡದೆ ಹೋಗಲು ಮನಸ್ಸಾಗಲಿಲ್ಲ.

"ಎಲ್ಲಿ ತಪ್ಪಿದ್ರಿ ಅಂತಾದ್ರೂ ಗೊತ್ತಾ, ಭಾವ?" ಎಂದು ಕೆಂಪು ಪೆನ್ಸಿಲ್ ಎತ್ತಿಕೊಂಡೆ. "ಕ್ರಿಸ್ತಪೂರ್ವ ಒಂದು ಮುಗಿದ ಮರುದಿನವೇ ಕ್ರಿಸ್ತಶಕ ಒಂದು. ನಡುವೆ ಸೊನ್ನೆ ಅನ್ನೋ ವರ್ಷವೇ ಇಲ್ಲ. ಇಲ್ಲದ ವರ್ಷನ ನೀವು ಎಣಿಸಿಬಿಟ್ಟಿದ್ದೀರಿ. ದಿನವಿಡೀ ತಕ್ಕಡಿಗೆ ಸೊನ್ನೆ ಕೂರಿಸೋರು, ಇಷ್ಟು ತಿಳಿಯಲಿಲ್ವಾ? ನನ್ನ ಎಂಟನೇ ಕ್ಲಾಸಿನ ದಡ್ಡರೂ ಈ ತಪ್ಪು ಮಾಡಲ್ಲ!"

ಭಾವ ಗೋಡೆ ನೋಡಿದರು. ತುಟಿ ಅಲುಗಿತು, ಬೆರಳು ಮಡಿಸಿದರು. ಆಮೇಲೆ ಅವರ ಮುಖ ಇಷ್ಟಗಲವಾಯಿತು.

"ಹಾಗಾದ್ರೆ ಇನ್ನೂ ಒಂದು ವರ್ಷ ಬಾಕಿ ಇದೆ!"

ಬೆನ್ನ ಹಿಂದೆ ಸದ್ದಾಯಿತು. ಅಕ್ಕ ಚಪ್ಪಲಿ ಬಿಡುತ್ತಿದ್ದಳು.

"ಅಕ್ಕ, ನಾನು ಗೇಲಿ ಮಾಡೋಕೆ ಹೇಳಿದ್ದು."

"ಗೇಲಿಗೋ ಏನೋ. ಲೆಕ್ಕ ತಪ್ಪಾ?"

ಕೆಂಪು ಪೆನ್ಸಿಲನ್ನು ಕಿಟಕಿಯ ಮೇಲಿಟ್ಟೆ.

"ಅವರ ಎಣಿಕೆ ಬಗ್ಗೆ ನನಗೂ ಒಳಗೊಳಗೆ ಅನುಮಾನ ಇತ್ತು ಕಣೋ," ಎಂದಳು ಅಕ್ಕ, ನಗುತ್ತಾ. "ನಿನ್ನ ಲೆಕ್ಕ ಯಾವತ್ತಾದ್ರೂ ತಪ್ಪಿದೆಯಾ?"

ತಪ್ಪು ಎಂದು ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ಮೇಷ್ಟರ ಸೊಕ್ಕು, ಬಾಯಿಗೆ ಬರಲಿಲ್ಲ. ಕಾರಿನವನನ್ನು ವಾಪಸು ಕಳಿಸಿದೆ.

ಆಮೇಲೆ ಎಷ್ಟು ಸಲ ಕಾಲು ಹಿಡಿದೆನೋ. ಸುಳ್ಳನ್ನೂ ಹೇಳಿ ನೋಡಿದೆ. ಅಷ್ಟು ಹೊತ್ತಿಗೆ ಭಾವ ನಾಲ್ಕು ಪುಸ್ತಕ ತಂದು ಸೊನ್ನೆ ವರ್ಷ ಇಲ್ಲವೆಂದು ತೋರಿಸಿದರು. ಗೋಡೆಗೆ ಹೊಸ ಕಾಗದ ಬಂತು, ಕೆಂಪು ಚುಕ್ಕಿ ಕಿಟಕಿ ದಾಟಿತು. ಕಡಲೆಕಾಳು ನಿಂಬೆಹಣ್ಣಾಯಿತು, ನಿಂಬೆಹಣ್ಣು ಒಡೆದು ಹುಣ್ಣಾಯಿತು. ಕೋಣೆಯೊಳಗೆ ಹೋಗುವ ಮೊದಲು ನಾನು ಬಾಗಿಲಾಚೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದೆ. ಭಾವ ಮಾತ್ರ ಮೂಗು ಮುಚ್ಚದೆ, ಬರಿಗೈಯಲ್ಲಿ, ದಿನಕ್ಕೆ ಮೂರು ಸಲ ಆ ಹುಣ್ಣು ತೊಳೆದರು. ಸೆಪ್ಟೆಂಬರ್ ಹದಿನಾಲ್ಕರಂದು ಮಧ್ಯಾಹ್ನ ಅಕ್ಕ ತೀರಿಕೊಂಡಳು.

ಮರುದಿನ ಮಣ್ಣು ಮುಚ್ಚಿ ಜನ ಹೊರಟ ಮೇಲೆ ಭಾವ ನನ್ನ ಕೈ ಹಿಡಿದುಕೊಂಡರು. ದ್ವೇಷಿಸುತ್ತಾರೆಂದು ಕಾದಿದ್ದೆ, ಹಾಗಾದರೂ ಆಗಲಿ ಎಂದು ಬೇಡಿಕೊಂಡಿದ್ದೆ.

"ನೀನು ಅವತ್ತು ತಿದ್ದದೆ ಇದ್ದಿದ್ರೆ ನನ್ನ ನಂಬಿಕೆಯೇ ಹೋಗ್ತಿತ್ತು," ಎಂದರು. "ಈ ಉಪಕಾರ ಮರೆಯಲ್ಲ. ಇನ್ನು ಇಪ್ಪತ್ತೈದು ದಿನ, ಎದ್ದು ಬರ್ತಾಳೆ. ಲೆಕ್ಕ ಸರಿ ಇದೆ ತಾನೆ?"

ಅವರ ಅಂಗೈ ಒದ್ದೆಯಾಗಿತ್ತು, ಉಗುರಿನಲ್ಲಿ ಅವಳ ಮೇಲೆ ಹಾಕಿದ ಮಣ್ಣಿತ್ತು.

"ಸರಿ ಇದೆ, ಭಾವ," ಎಂದೆ.