ಕಡೆಯ ಬುಟ್ಟಿ

ಕುಂದಾಪುರದ ಕಾಲೇಜಿನಲ್ಲಿ ನಮಗೆ ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸಿದ ಮೇಡಂ ನಾವುಂದದ ಮೀನುಗಾರರ ಮನೆಯವರು. ಬೋರ್ಡಿನ ಮುಂದೆ ನಿಂತರೆ ಮೊದಲು ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಿದ್ದರು, ದಡದಲ್ಲಿ ಮೀನು ವಿಂಗಡಿಸಲು ಹೊರಟವರ ಹಾಗೆ.

"ಪ್ಯಾಟರ್ನ್ ಮ್ಯಾಚಿಂಗ್ ಅಂದ್ರೆ ಎಂತ? ಬುಟ್ಟಿ ಸಾಲ್. ಬಂಗ್ಡಿ ಇದಕ್ಕೆ, ಬೈಗೆ ಮೀನ್ ಅದಕ್ಕೆ. ಯಾವ್ದಕ್ಕೂ ಸೇರದ್ದಕ್ಕೆ ಕಡೀಗೊಂದ್ ಬುಟ್ಟಿ. ಕಡೀ ಬುಟ್ಟಿ ಮರೀಬೇಡಿ!"

ಮರೆತರೆ ಪ್ರೋಗ್ರಾಂ ನಡುವೆಯೇ ನಿಂತುಬಿಡುತ್ತಿತ್ತು. ನಾನು ದಿನವೂ ಮರೆಯುತ್ತಿದ್ದೆ.

ಆ ಭಾಷೆಗೆ ಆಗಷ್ಟೇ ಒಂದು ವಿಸ್ತರಣೆ ಸೇರಿತ್ತು. ಕೊಟ್ಟ ಮಾಹಿತಿಯ ಹೊರ ಆಕಾರವನ್ನಷ್ಟೇ ನೋಡದೆ, ಮೊದಲು ಅದನ್ನು ಪರೀಕ್ಷಿಸಿ, ಬಂದ ಉತ್ತರಕ್ಕೆ ಹೊಂದುವ ಬುಟ್ಟಿಯನ್ನು ಆರಿಸಬಹುದಿತ್ತು. ಇದು ನನ್ನ ತಲೆಗೆ ಹತ್ತಲಿಲ್ಲ. ಮರುದಿನ ಮೇಡಂ ಸ್ಟೀಲಿನ ಡಬ್ಬಿ ತಂದು ನನ್ನ ಕೀಬೋರ್ಡಿನ ಪಕ್ಕದಲ್ಲಿ ತೆರೆದರು. ಒಳಗೆ ಎರಡು ಹಸಿ ಬಂಗುಡೆ.

"ಎರ್ಡೂ ಒಂದೇ ನಮೂನಿ ಕಾಂತಲ್ದಾ? ಈಗ ಕಿವಿರ್ ಎತ್ತಿ ಕಾಣ್."

ಎತ್ತಿದೆ. ಒಂದರೊಳಗೆ ತಾಜಾ ಮೀನಿನ ಕಡುಗೆಂಪು, ಇನ್ನೊಂದರೊಳಗೆ ಹಳಸಿದ ಮೀನಿನ ಮಾಸಲು ಬೂದು.

"ಗೊತ್ತಾಯ್ತಾ? ಎತ್ತಿ ಕಂಡ್ಮೇಲೆ ಬುಟ್ಟಿ."

ಎಸಿ ಹಾಕಿದ ಲ್ಯಾಬು ಎರಡು ದಿನ ನಾರಿತು. ಪ್ರಿನ್ಸಿಪಾಲರು ಮೂಗು ಮುಚ್ಚಿಕೊಂಡು ಬಂದಾಗ ಮೇಡಂ ಗಂಭೀರವಾಗಿ ಬೋರ್ಡು ಒರೆಸುತ್ತಿದ್ದರು.

ಮುಂದಿನ ವರ್ಷ ಅವರು ಬರಲಿಲ್ಲ. ಎಲ್ಲಿಗೆ ಹೋದರೆಂದು ಕಾಲೇಜಿನಲ್ಲಿ ಯಾರಿಗೂ ತಿಳಿದಿರಲಿಲ್ಲ.

ಈಗಲೂ ಕೋಟೇಶ್ವರದಲ್ಲಿ ಬಸ್ಸು ನಿಂತರೆ ಇಳಿಯುವ ಹೆಂಗಸರನ್ನು ಒಬ್ಬೊಬ್ಬರಾಗಿ ನೋಡುತ್ತೇನೆ. ಕೆಲವರು ಸೆರಗು ಸಿಕ್ಕಿಸಿರುತ್ತಾರೆ. ಮುಖ ಎತ್ತಿದಾಗ ಬೇರೆ ಯಾರೋ. ಅವರು ಇನ್ನು ಸಿಗುವುದಿಲ್ಲ ಎಂಬುದಕ್ಕೂ ಒಂದು ಬುಟ್ಟಿ ಇಡಬೇಕಿತ್ತು. ಅದನ್ನು ಮಾತ್ರ ನಾನು ಮರೆತಿಲ್ಲ ಮೇಡಂ, ಬೇಕೆಂದೇ ಇಟ್ಟಿಲ್ಲ.