ಕೀಳದೆ ಬಿಟ್ಟ ಗೂಟ

ಜೌಗಿನಲ್ಲಿ ದಾರಿಗೆ ಒಂದೇ ವರ್ಷದ ಆಯುಸ್ಸು. ನೀರು ಏರಿ ಇಳಿಯಿತೆಂದರೆ, ಹೋದ ವರ್ಷ ಕಾಲೂರಿ ನಿಂತ ಜಾಗ ಈ ವರ್ಷ ಸೊಂಟದವರೆಗೆ ನುಂಗುತ್ತದೆ. ಹಾಗಾಗಿ ನೀರಿಳಿದ ಮೇಲೆ ಯಾರಾದರೊಬ್ಬರು ಗಳ ಹಿಡಿದು ಹೊರಡಬೇಕು, ಕೆಸರನ್ನು ಚುಚ್ಚಿ ಚುಚ್ಚಿ ನೋಡಬೇಕು. ಗಳ ಎರಡು ಗೇಣು ಇಳಿದು ನಿಂತರೆ ಅಲ್ಲಿ ಹೆಜ್ಜೆ ಇಡಬಹುದು. ಪಕ್ಕದಲ್ಲಿ ಗೂಟ ನೆಟ್ಟು ತುದಿಗೆ ಹಗ್ಗ ಕಟ್ಟುವುದು. ಇಳಿಯುತ್ತಲೇ ಹೋದರೆ ಆ ಕಡೆ ತಲೆ ಹಾಕುವಂತಿಲ್ಲ. ಮತ್ತೆ, ಹಳೆಯ ಗೂಟಗಳನ್ನು ಒಂದೂ ಬಿಡದೆ ಕೀಳಬೇಕು. ಜೊಂಡು ಕೊಯ್ದು ಚಾಪೆ ಹೆಣೆಯುವ ಆ ಐದು ಮನೆಯವರು ಉಳಿದೆಲ್ಲದಕ್ಕೂ ದಿನಬೆಳಗಾದರೆ ಕಿತ್ತಾಡುತ್ತಿದ್ದರು, ಇದೊಂದಕ್ಕೆ ಮಾತ್ರ ಅವರಲ್ಲಿ ಎರಡು ಮಾತಿರಲಿಲ್ಲ.

ಆ ಐದರಲ್ಲೊಂದು ಮನೆಯ ಸೊಸೆ ಅವಳು. ಹತ್ತೊಂಬತ್ತು ವರ್ಷ ಈ ಕೆಲಸ ಮಾಡಿದವನು ಅವಳ ಗಂಡ. ಎಲ್ಲರ ಬಾಯಲ್ಲಿ ಅವನು ಗೂಟದಣ್ಣ. ಗೂಟಗಳ ಹೊರೆ ಹೊತ್ತು ಅವನ ಹಿಂದೆ ನಡೆಯುತ್ತಿದ್ದ ತಪ್ಪಿಗೆ ಅವಳು ಗೂಟದಕ್ಕ. "ಲೋಕದಲ್ಲಿ ಎಲ್ರೂ ಒಂದ್ಕಡೆ ಗೂಟ ಹೊಡ್ಕೊಂಡು ಕೂರ್ತಾರೆ ಕಣೆ, ನನ್ ಹಣೇಲಿ ಮಾತ್ರ ವರ್ಷಾ ವರ್ಷಾ ಕೀಳೋದು ಬರ್ದಿದೆ," ಎಂದು ಅವನು ನಗುತ್ತಿದ್ದ. ನಕ್ಕರೆ ಜೊಂಡಿನೊಳಗಿನ ಕೊಕ್ಕರೆಗಳು ಎದ್ದು ಹಾರುವಷ್ಟು ದೊಡ್ಡ ಗಂಟಲು. ಅಂಥವನು ಹೋದ ವರ್ಷ ಹನ್ನೊಂದು ದಿನ ಜ್ವರದಲ್ಲಿ ಮಲಗಿದ, ಹನ್ನೆರಡನೆಯ ದಿನ ಇರಲಿಲ್ಲ. ಇಷ್ಟು ಚಿಕ್ಕದಾಗಿ ಹೇಳಿಬಿಟ್ಟೆನೆಂದು ಬೇಜಾರಾಗಬೇಡಿ, ಆದದ್ದೂ ಅಷ್ಟೇ ಚಿಕ್ಕದಾಗಿ.

ಮನೆಯಲ್ಲಿ ಉಳಿದದ್ದು ಅವಳು ಮತ್ತು ಅತ್ತೆ. ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದು ಬೆಳಕು ಯಾವುದು, ನೆರಳು ಯಾವುದು ಎಂಬಷ್ಟೇ ತಿಳಿಯುತ್ತಿತ್ತು. ಆದರೂ ಮುದುಕಿ ಕೂತಲ್ಲಿ ಕೂರುವವಳಲ್ಲ. ಬೆಳಗಾದರೆ ಬುಟ್ಟಿ ತೂಗುಹಾಕಿಕೊಂಡು, ಕೋಲು ಹಿಡಿದು, ಒಂದೊಂದೇ ಗೂಟ ಸವರುತ್ತ ಜೌಗಿಗೆ ಇಳಿದು, ಬಾತುಕೋಳಿಗಳು ಜೊಂಡಿನ ಬುಡದಲ್ಲಿ ಇಟ್ಟ ಮೊಟ್ಟೆ ಹುಡುಕಿ ತರುವಳು. ಜಿಗಣೆ ಕಚ್ಚಿದರೆ ಕಿತ್ತೆಸೆದು, "ನನ್ನಲ್ಲಿ ಏನಿದೆ ಅಂತ ಬಂದೆಯೋ," ಎಂದು ಬಯ್ಯುವಳು.

ಈ ಸಲ ನೀರಿಳಿದಾಗ ಗಳ ಹಿಡಿದವಳು ಸೊಸೆ. ನೋಡಿ ನೋಡಿ ಕಲಿತ ಕೈ, ತಪ್ಪಲಿಲ್ಲ. ಆರು ದಿನ ಹಳೆಯ ಗೂಟಗಳನ್ನು ಕಿತ್ತಳು. ಅವನು ಹಗ್ಗವನ್ನು ಎರಡು ಸುತ್ತು ಸುತ್ತಿ ತುದಿಯನ್ನು ಕೆಳಗಿನಿಂದ ತೂರಿಸಿ ಬಿಗಿಯುತ್ತಿದ್ದ, ಅದು ಅವನಮ್ಮ ಚಿಕ್ಕಂದಿನಲ್ಲಿ ಹೇಳಿಕೊಟ್ಟ ಗಂಟು. ಪ್ರತಿ ಗಂಟು ಕೈಗೆ ಸಿಕ್ಕಾಗಲೂ ಅವಳು ಅದರ ಮೇಲೆ ಒಮ್ಮೆ ಬೆರಳಾಡಿಸುತ್ತಿದ್ದಳು. ಹಲ್ಲು ಕಚ್ಚಿಕೊಂಡು ಕಿತ್ತಳು. ಕೊನೆಯದು, ಜ್ವರ ಬರುವ ಹಿಂದಿನ ದಿನ ಅವನು ಬದಲಿಸಿ ನೆಟ್ಟದ್ದು, ತಿರುವಿನ ಹತ್ತಿರ ಇತ್ತು. ಅದರ ಸುತ್ತಲಿನ ನೆಲ ಪೂರ್ತಿ ಸಡಿಲವಾಗಿತ್ತು. ಪಕ್ಕದ ಗಟ್ಟಿ ಗುಪ್ಪೆಯ ಮೇಲೆ ನಿಂತು ಗೂಟದ ಮೇಲೆ ಎರಡೂ ಕೈ ಇಟ್ಟಳು. ಆಗಲಿಲ್ಲ. ಇದನ್ನೂ ಕಿತ್ತರೆ ಭೂಮಿಯ ಮೇಲೆ ಅವನು ಕಟ್ಟಿದ್ದು ಏನೂ ಉಳಿಯುವುದಿಲ್ಲ ಎಂದು ಅವಳಿಗೆ ಅನಿಸಿತು. ಹೊಸ ದಾರಿಯನ್ನು ಎಡಕ್ಕೆ ತಿರುಗಿಸಿಕೊಂಡು ಹೋದಳು.

ನಾಲ್ಕು ಮನೆಗೂ ಹೋಗಿ ಹೇಳಿದಳು: "ತಿರುವಿನ ಬಲಗಡೆ ಒಂದು ಹಳೇ ಗೂಟ ಇದೆ, ಅತ್ತ ಹೋಗ್ಬೇಡಿ." ಅವರಿಗೆ ಅರ್ಥವಾಯಿತು. ಎಲ್ಲದಕ್ಕೂ ಕಾನೂನು ಮಾತಾಡುವ ಪಕ್ಕದ ಮನೆಯ ಅಜ್ಜ ಕೂಡ ತಲೆ ತಗ್ಗಿಸಿ ಹೂಂ ಎಂದ. ಅತ್ತೆಗೆ ಮಾತ್ರ ಹೇಳಲಿಲ್ಲ. ಹೇಳಬೇಕೆಂದು ಎರಡು ಸಲ ಬಾಯಿ ತೆರೆದಳು. ಹೇಳಿದರೆ ಮುದುಕಿ ಅಲ್ಲಿಗೆ ಕರೆದುಕೊಂಡು ಹೋಗು ಎಂದು ಹಟ ಹಿಡಿಯುವಳು, ಗಂಟು ಸವರುತ್ತ ಅಳುವಳು, ಅದನ್ನು ನೋಡುವ ಶಕ್ತಿ ತನಗಿಲ್ಲ. ದಾರಿ ಎಡಕ್ಕಿದೆ, ಗೂಟ ಸವರಿಕೊಂಡು ಹೋಗುವವರಿಗೆ ಬಲಗಡೆ ಏನು ಕೆಲಸ ಎಂದು ಸಮಾಧಾನ ಹೇಳಿಕೊಂಡಳು.

ಆದರೆ ಅತ್ತೆ ಗೂಟಗಳನ್ನು ಯಾಕಷ್ಟು ಹೊತ್ತು ಸವರುತ್ತಿದ್ದಳು ಎಂದು ಅವಳು ಯೋಚಿಸಲಿಲ್ಲ. ಹೊಸ ಗೂಟಗಳಲ್ಲಿ ಸೊಸೆಯ ಒಂಟಿ ಸುತ್ತಿನ ಗಂಟು. ಮುದುಕಿ ಪ್ರತಿಯೊಂದನ್ನೂ ಮುಟ್ಟಿ, ಇದಲ್ಲ ಎಂದು ಬಿಟ್ಟು, ಮುಂದಿನದಕ್ಕೆ ಕೈ ಚಾಚುತ್ತಿದ್ದಳು.

ಹೊಸ ದಾರಿ ಬಿದ್ದ ಒಂಬತ್ತನೆಯ ದಿನ ಬೆಳಿಗ್ಗೆ ಜೊಂಡು ಕೊಯ್ಯುತ್ತಿದ್ದವಳಿಗೆ ಬಾತುಗಳ ಗಲಾಟೆ ಕೇಳಿಸಿತು. ಆಮೇಲೆ ಅತ್ತೆಯ ದನಿ. ಮುದುಕಿ ಸೊಸೆಯನ್ನು ಕೂಗುತ್ತಿರಲಿಲ್ಲ. "ಮಗಾ, ಮಗಾ," ಎನ್ನುತ್ತಿದ್ದಳು.

ಕುಡುಗೋಲು ಎಸೆದು ಓಡಿದಳು. ತಿರುವಿನ ಬಲಗಡೆ ಅತ್ತೆ ಎದೆಯವರೆಗೆ ಹೂತುಹೋಗಿದ್ದಳು. ಎರಡೂ ತೋಳಿನಲ್ಲಿ ಗೂಟವನ್ನು ತಬ್ಬಿದ್ದಳು, ಅದು ಅವಳ ಜೊತೆಗೇ ವಾಲುತ್ತಿತ್ತು. ಸೊಸೆ ಕೊಯ್ದಿಟ್ಟಿದ್ದ ಜೊಂಡಿನ ಹೊರೆಗಳನ್ನು ಒಂದರ ಮುಂದೊಂದು ಹಾಸಿ, ಮೇಲೆ ಬೋರಲು ಮಲಗಿ, ಗಳ ಚಾಚಿದಳು. ಅಜ್ಜನ ಮನೆಯ ಮೂವರು ಓಡಿ ಬಂದು ಇವಳ ಕಾಲು ಹಿಡಿದು ಎಳೆದರು. ಮುದುಕಿಯನ್ನು ಹೊರಗೆ ತರುವಷ್ಟರಲ್ಲಿ ಎಲ್ಲರ ಜೀವ ಬಾಯಿಗೆ ಬಂದಿತ್ತು.

ಗಟ್ಟಿ ನೆಲದ ಮೇಲೆ ಕೂರಿಸಿ ಮುಖದ ಕೆಸರು ಒರೆಸುತ್ತ ಸೊಸೆ ಬಿಕ್ಕಿದಳು. "ತಪ್ಪಾಯ್ತು ಅತ್ತೆ. ನಾನೇ ಬಿಟ್ಟಿದ್ದು. ಕೀಳೋಕೆ ಕೈ ಬರ್ಲಿಲ್ಲ."

ಅತ್ತೆ ಬಾಯೊಳಗಿನ ಕೆಸರು ಉಗಿದಳು. "ಕೋಲಿಗೆ ಗೂಟ ತಗುಲ್ತು. ಮುಟ್ಟಿದ್ರೆ ಅವನ ಗಂಟು. ಅವನು ನೆಟ್ಟ ಕಡೆ ಕಾಲಿಡೋಕೆ ನಾನ್ಯಾಕೆ ಹೆದರ್ಲಿ ಹೇಳು," ಎಂದಳು. ಬಯ್ಯಲಿಲ್ಲ. ಬಯ್ದಿದ್ದರೆ ಸೊಸೆ ಬದುಕಿಕೊಳ್ಳುತ್ತಿದ್ದಳು. "ಹೋಗು, ಕಿತ್ಕೊಂಡು ಬಾ. ನಾಳೆ ಇನ್ನೊಬ್ರ ಮನೆಯವ್ರು ಕಾಲಿಡ್ತಾರೆ."

ಅವಳು ಹೊರೆಗಳ ಮೇಲೆ ತೆವಳುತ್ತ ಹೋದಳು. ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಎಳೆದಳು. ಬಲವೇ ಬೇಕಿರಲಿಲ್ಲ. ಗೂಟ ಸದ್ದಿಲ್ಲದೆ ಕಿತ್ತು ಬಂದು ಅವಳು ಹಿಂದಕ್ಕೆ ಬಿದ್ದಳು. ಬುಡವೆಲ್ಲ ಕೊಳೆತುಹೋಗಿತ್ತು, ಮೇಲಿನ ಗಂಟು ಮಾತ್ರ ನೆಟ್ಟ ದಿನದ ಹಾಗೆಯೇ ಬಿಗಿಯಾಗಿತ್ತು.

ಗೂಟವನ್ನು ಅತ್ತೆಯ ಮಡಿಲಿಗೆ ತಂದಿಟ್ಟಳು. ಮುದುಕಿ ಬೆರಳಿನಿಂದ ಸುತ್ತುಗಳನ್ನು ಒಂದೊಂದಾಗಿ ತಡವಿದಳು, ತೂರಿಸಿದ ತುದಿ ಹುಡುಕಿದಳು, ಎಳೆದಳು. ಗಂಟು ಬಿಚ್ಚಿಕೊಂಡಿತು. ಹಗ್ಗ ಬರೀ ಹಗ್ಗವಾಗಿ ಕೈಯಲ್ಲಿ ಉಳಿಯಿತು. ಅದನ್ನು ಸೊಸೆಯ ಕೈಗಿಟ್ಟು, "ಇನ್ನೂ ಗಟ್ಟಿ ಇದೆ, ಬೇರೆ ಗೂಟಕ್ಕಾಗುತ್ತೆ," ಎಂದಳು. ಆಮೇಲೆ ಅತ್ತಳು, ಮಗ ಹೋದ ದಿನ ಕೂಡ ಹಾಗೆ ಅತ್ತಿರಲಿಲ್ಲ.

ಈಗಲೂ ಅತ್ತೆ ಮೊಟ್ಟೆಗೆ ಹೋಗುತ್ತಾಳೆ. ಸೊಸೆಯ ಹೆಗಲ ಮೇಲೆ ಕೈಯಿಟ್ಟುಕೊಂಡು ಹಿಂದೆ ಹಿಂದೆ ನಡೆಯುತ್ತಾಳೆ. ಅತ್ತೆಯ ಹಳೆಯ ಅಭ್ಯಾಸ ನೆನೆದು ಸೊಸೆ ಹೇಳುತ್ತಾಳೆ: "ಅತ್ತೆ, ಗೂಟ ಬಂತು. ಮುಟ್ಟಿ ನೋಡಿ."

"ಬೇಡ ಬಿಡಮ್ಮ," ಎನ್ನುತ್ತಾಳೆ ಅತ್ತೆ. "ಮುಟ್ಟಿ ನೋಡೋಕೆ ಇನ್ನೇನಿದೆ ಅಲ್ಲಿ."