ಎರಡನೆಯದೂ ಮೂರನೆಯದೂ

ಘಾಜಿಯಾಬಾದಿನ ಫ್ಲ್ಯಾಟಿನ ಕೀಲಿಕೈ ಸಿಕ್ಕ ಮೇಲೆ ನಾವು ಮೂವರೂ ಪ್ರತಿ ಭಾನುವಾರ ಪೀತಮ್‌ಪುರದ ಬಾಡಿಗೆ ಮನೆಯಿಂದ ಮೆಟ್ರೋ ಹತ್ತಿ ಅಲ್ಲಿಗೆ ಹೋಗುತ್ತಿದ್ದೆವು. ನಾನು ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕಡತ ನೋಡುವವನು. ದೆಹಲಿಗೆ ಬಂದು ಹದಿನೆಂಟು ವರ್ಷಗಳಾಗಿದ್ದವು. ನಮ್ಮದೆಂದು ಹೇಳಿಕೊಳ್ಳಲು ನಾಲ್ಕು ಗೋಡೆ ಸಿಕ್ಕಿದ್ದು ಆಗಲೇ. ಹನ್ನೆರಡು ವರ್ಷದ ಮಗಳ ಬೇಡಿಕೆ ಒಂದೇ: ಅವಳ ಕೋಣೆಗೆ ನೀಲಿಗೂ ನೇರಳೆಗೂ ನಡುವಿನ ಬಣ್ಣ ಬೇಕು. ಅದಕ್ಕಾಗಿ ಹೆಂಡತಿ ಶೇಡ್ ಕಾರ್ಡನ್ನು ವಾರವಿಡೀ ಒಮ್ಮೆ ಕಿಟಕಿಯ ಬೆಳಕಿಗೆ, ಒಮ್ಮೆ ಟ್ಯೂಬ್‌ಲೈಟಿಗೆ ಹಿಡಿದು ನೋಡಿದ್ದಳು. ನನ್ನನ್ನು ಕೇಳಿದಾಗಲೆಲ್ಲ "ಯಾವುದಾದ್ರೂ ಆಗಲಿ" ಎಂದುಬಿಡುತ್ತಿದ್ದೆ.

ಆ ಭಾನುವಾರ ಪೇಂಟರ್ ಭಯ್ಯಾ ಮಗಳ ಕೋಣೆಯ ಗೋಡೆಯಲ್ಲಿ ಮೂರು ಪಟ್ಟೆ ಬಳಿದು, ಕೆಳಗೆ ಪೆನ್ಸಿಲಿನಿಂದ ಒಂದು, ಎರಡು, ಮೂರು ಎಂದು ಬರೆದಿಟ್ಟಿದ್ದ. ಮೊದಲನೆಯದು ತೀರಾ ತಿಳಿ ಎಂದು ಬಿಟ್ಟಾಯಿತು.

"ಎರಡನೇದಾ, ಮೂರನೇದಾ? ನೀವೇ ಹೇಳಿ," ಎಂದಳು ಹೆಂಡತಿ.

ನಾನು ಹತ್ತಿರ ಹೋಗಿ ನೋಡಿದೆ, ಹಿಂದೆ ಸರಿದೂ ನೋಡಿದೆ. "ಎರಡೂ ಒಂದೇ ಅಲ್ವಾ?"

ಅವಳು ನನ್ನ ಮುಖವನ್ನೇ ನೋಡಿದಳು. "ಒಂದೇನಾ? ಬೇಗ ಮುಗಿಸಿ ಹೊರಡೋಣ ಅಂತ ಇದ್ರೆ ನೇರವಾಗಿ ಹೇಳಿ. ಈ ಮನೆ ವಿಷಯದಲ್ಲಿ ಯಾವತ್ತು ತಲೆ ಹಾಕಿದ್ದೀರಿ ನೀವು?" ಎಂದವಳೇ ಬಾಲ್ಕನಿಗೆ ಹೋಗಿ ಬೆನ್ನು ತಿರುಗಿಸಿ ನಿಂತಳು.

ಪೇಂಟರ್ ಮೆಲ್ಲಗೆ, "ಸಾಬ್, ಏಕ್ ನೀಲಾ ಹೈ, ಏಕ್ ಜಾಮುನಿ," ಎಂದ. ಒಂದು ನೀಲಿ, ಒಂದು ನೇರಳೆ. ಅವನ ದನಿಯಲ್ಲಿ ತಮಾಷೆಯಿರಲಿಲ್ಲ.

ಮಗಳು ಮಾತ್ರ ಸುಮ್ಮನಿರಲಿಲ್ಲ. ಶೇಡ್ ಕಾರ್ಡಿನ ಹಾಳೆಗಳನ್ನು ಕತ್ತರಿಸಿ ನೆಲದ ಮೇಲೆ ಹರವಿ, "ಅಪ್ಪಾ, ಇದರಲ್ಲಿ ಪರ್ಪಲ್ ಎಲ್ಲಾ ಒಂದು ಸೈಡ್ ಇಡು," ಎಂದಳು. ಇಟ್ಟೆ. "ಅಚ್ಛಾ, ಮತ್ತೆ ಟ್ರೈ ಮಾಡು." ಮತ್ತೆ ಇಟ್ಟೆ. ಅವಳು ಬಾಲ್ಕನಿಯತ್ತ ತಿರುಗಿ, "ಅಮ್ಮಾ, ಅಪ್ಪ ಜೋಕ್ ಮಾಡ್ತಿಲ್ಲ. ಅಪ್ಪನಿಗೆ ಸಚ್ಚೀ, ನಿಜವಾಗ್ಲೂ ಕಾಣ್ತಿಲ್ಲ," ಎಂದು ಕೂಗಿದಳು.

ನಲವತ್ತಾರು ವರ್ಷ ನನಗಿದು ಗೊತ್ತೇ ಇರಲಿಲ್ಲ. ನೇರಳೆ ಹಣ್ಣಿನ ಬಣ್ಣ ನೇರಳೆ ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ಹೇಳುತ್ತಿದ್ದೆ. ನನ್ನ ಕೆಲಸಕ್ಕೆ ಬಣ್ಣದ ಪರೀಕ್ಷೆ ಬೇಕಿರಲಿಲ್ಲ, ಯಾರೂ ಮಾಡಿರಲಿಲ್ಲ. ವಾಪಸು ಬರುವಾಗ ರೈಲಿನಲ್ಲಿ ಸೀಟು ಸಿಕ್ಕಿದರೂ ಕೂರಲಾಗಲಿಲ್ಲ. ಎದುರಿಗೆ ಕುಳಿತವರ ದುಪಟ್ಟಾ, ಬ್ಯಾಗು, ಮಕ್ಕಳ ಟೋಪಿ, ಯಾವುದನ್ನು ನೋಡಿದರೂ ಇದು ನಿಜಕ್ಕೂ ನೀಲಿಯೋ ಅಲ್ಲವೋ ಎಂಬ ಅನುಮಾನ.

ಮರುದಿನ ಕಚೇರಿಗೆ ಹೊರಟವನು ಕಶ್ಮೀರಿ ಗೇಟಿನಲ್ಲಿ ಎಂದಿನಂತೆ ಹಳದಿ ಲೈನ್ ಹಿಡಿಯದೆ ವಯಲೆಟ್ ಲೈನ್ ಹತ್ತಿದೆ. ಆ ಲೈನು ನೀಲಿ ಲೈನನ್ನು ಸಂಧಿಸುವ ಮಂಡಿ ಹೌಸಿನಲ್ಲಿ ಇಳಿದು, ದಾರಿ ತೋರಿಸುವ ಬೋರ್ಡಿನ ಕೆಳಗೆ ನಿಂತೆ. ಎರಡು ಲೈನಿಗೆ ಎರಡು ಪಟ್ಟಿ. ಒಂದು ಸ್ವಲ್ಪ ಗಾಢ, ಇನ್ನೊಂದು ಸ್ವಲ್ಪ ತಿಳಿ, ಅಷ್ಟೆ. ಇಷ್ಟು ವರ್ಷ ನಾನು ಹೆಸರು ಓದಿ ದಾರಿ ಹಿಡಿದಿದ್ದೆನೇ ಹೊರತು ಬಣ್ಣ ನೋಡಿ ಅಲ್ಲ. ಪಕ್ಕದಲ್ಲಿ ನಿಂತಿದ್ದ ಕಾಲೇಜು ಹುಡುಗಿಯನ್ನು ತಡೆದು, ಈ ಎರಡೂ ಬೇರೆ ಬೇರೆ ಬಣ್ಣವೇ ಎಂದು ಹಿಂದಿಯಲ್ಲಿ ಕೇಳಿದೆ. ಅವಳು ಕಿವಿಯಿಂದ ಇಯರ್‌ಫೋನ್ ತೆಗೆದು, "ಅಂಕಲ್, ಆಪ್‌ಕೋ ಜಾನಾ ಕಹಾಂ ಹೈ?" ಎಂದಳು. ಎಲ್ಲಿಗೆ ಹೋಗಬೇಕು ಎಂದು ಕೇಳಿದ್ದಕ್ಕೆ, ಕಚೇರಿಗೆ ಎಂದು ಹೇಳಿ ಮತ್ತೆ ಬೋರ್ಡನ್ನೇ ನೋಡಿದೆ.

ಆ ವಾರವೇ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಚುಕ್ಕೆಗಳ ಪುಸ್ತಕ ತೆರೆದು ಅಂಕಿ ಓದಿಸಿದರು. ಅರ್ಧಕ್ಕರ್ಧ ಪುಟಗಳಲ್ಲಿ ಅಂಕಿಯೇ ಇರಲಿಲ್ಲ, ಅಥವಾ ನನಗೆ ಕಾಣಲಿಲ್ಲ. ಇದು ಹುಟ್ಟಿನಿಂದ ಬಂದದ್ದು, ನೇರಳೆಯೊಳಗಿರುವ ಕೆಂಪು ನಿಮ್ಮ ಕಣ್ಣಿಗೆ ಸರಿಯಾಗಿ ಸಿಗುವುದಿಲ್ಲ, ಹಾಗಾಗಿ ಉಳಿಯುವುದು ನೀಲಿ ಎಂದರು. ಔಷಧಿಯಿಲ್ಲ, ಅಪಾಯವೂ ಇಲ್ಲ. ಅವರಿಗೆ ಅದು ಐದು ನಿಮಿಷದ ವಿಷಯ.

ಮನೆಗೆ ಬಂದಾಗ ಹೆಂಡತಿ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಹೇಳಿದೆ. ಆಮೇಲೆ, ಭಾನುವಾರದಿಂದ ಕೊರೆಯುತ್ತಿದ್ದ ಒಂದನ್ನು ಕೇಳಿಯೇಬಿಟ್ಟೆ.

"ನಿನ್ನನ್ನ ನೋಡೋಕೆ ಬಂದಾಗ ಉಟ್ಟಿದ್ದೆಯಲ್ಲ, ಆ ನೀಲಿ ಸೀರೆ..."

ಅವಳ ಕೈ ನಿಂತಿತು. "ನೇರಳೆ ಅದು."

"ನೇರಳೆನಾ?"

"ಅಪ್ಪಟ ನೇರಳೆ. ನೀವು ಯಾವಾಗ್ಲೂ ನೀಲಿ ಸೀರೆ, ನೀಲಿ ಸೀರೆ ಅಂತಿದ್ರಿ. ಸರಿಯಾಗಿ ನೋಡೇ ಇಲ್ಲ ಇವರು, ಬೇರೆ ಯಾವಳ ಸೀರೆನೋ ನೆನಪಿಟ್ಕೊಂಡಿದ್ದಾರೆ ಅಂದ್ಕೊಂಡಿದ್ದೆ."

"ಹೇಳಬಾರದಿತ್ತಾ?"

"ಏನಂತ ಹೇಳಲಿ?" ಎಂದು ಅವಳು ನಕ್ಕಳು. ನಗು ಪೂರ್ತಿಯಾಗುವ ಮೊದಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಅವಳ ಎದುರು ಕೂತು ಹುರುಳಿಕಾಯಿ ಮುರಿಯತೊಡಗಿದೆ.

ಆ ಸಂಜೆ ಅವಳು ಮಗಳೊಡನೆ ಮಾತಾಡಿ, ಎರಡನೆಯದನ್ನೇ ಬಳಿಸೋಣ, ನೀಲಿಯಾದರೆ ಮೂವರಿಗೂ ಒಂದೇ ಥರ ಕಾಣುತ್ತದೆ ಎಂದು ತೀರ್ಮಾನಿಸಿದಳು. ಮಗಳೂ ತಲೆಯಾಡಿಸಿದಳು. ನನಗೇಕೋ ಅದನ್ನು ಸಹಿಸಲಾಗಲಿಲ್ಲ. "ನನ್ನ ಕಣ್ಣಿಗೋಸ್ಕರ ಅವಳ ಕೋಣೆ ಯಾಕೆ ಬದಲಾಗಬೇಕು?" ಎಂದು ಬೇಕಾದ್ದಕ್ಕಿಂತ ಗಟ್ಟಿಯಾಗಿ ರೇಗಿದೆ. ಆಮೇಲೆ ನಾನೇ ಪೇಂಟರಿಗೆ ಫೋನ್ ಮಾಡಿ ಮೂರನೆಯದು ಎಂದೆ. ಎರಡೆರಡು ಸಲ ಹೇಳಿದೆ.

ಮುಂದಿನ ಭಾನುವಾರ ಹೋದಾಗ ಮೂರು ಗೋಡೆ ಮುಗಿದು, ನಾಲ್ಕನೆಯದಕ್ಕೆ ರೋಲರ್ ಆಡುತ್ತಿತ್ತು. ನನ್ನ ಕಣ್ಣಿಗೆ ಅದೊಂದು ನೀಲಿ ಕೋಣೆ.

"ಹೇಗಿದೆ ಅಪ್ಪಾ?"

ಚೆನ್ನಾಗಿದೆ ಎಂದು ಬಾಯಿಗೆ ಬಂದದ್ದನ್ನು ತಡೆದೆ. "ನೀನೇ ಹೇಳು, ಹೇಗಿದೆ?"

ಅವಳು ಕನ್ನಡದ ಪದಗಳಿಗಾಗಿ ಸ್ವಲ್ಪ ತಡಕಾಡಿದಳು. "ನೀಲಿನೇ... ಮತ್ಲಬ್, ನೀಲಿಗೆ ಸ್ವಲ್ಪ ಜ್ವರ ಬಂದಿದೆ. ಹಾಗಿದೆ."

ನಾನು ಗೋಡೆಗೆ ಅಂಗೈ ಇಟ್ಟೆ. "ಅರೇ ಸಾಬ್, ಗೀಲಾ ಹೈ!" ಎಂದು ಪೇಂಟರ್ ಕೂಗಿಕೊಂಡ. ಹಸಿ ಬಣ್ಣದಲ್ಲಿ ಐದು ಬೆರಳೂ ಮೂಡಿದ್ದವು. ಅವನು ಗೊಣಗುತ್ತಾ ಅದರ ಮೇಲೆ ಮತ್ತೊಮ್ಮೆ ರೋಲರ್ ಎಳೆದ. ಹೆಂಡತಿ ಒದ್ದೆ ಬಟ್ಟೆ ತಂದು ನನ್ನ ಕೈ ಒರೆಸಿದಳು. ಮಧ್ಯಾಹ್ನದವರೆಗೂ ನಾನು ಒಂದು ಕಡೆ ಕೂರಲಿಲ್ಲ. ಬಾಲ್ಕನಿಗೆ ಹೋಗುವುದು, ಬಿಸಿಲಲ್ಲಿ ಎರಡು ನಿಮಿಷ ನಿಲ್ಲುವುದು, ಮತ್ತೆ ಆ ಕೋಣೆಯ ಬಾಗಿಲಿಗೆ ಬಂದು ಆ ಜ್ವರ ಕಂಡೀತೇ ಎಂದು ಇಣುಕುವುದು.